ಫಲಕ ಬದಲಿಸಿದವನು

ಆ ಫಲಕವನ್ನು ಬದಲಿಸಿದವನು ನಾನು. ನನ್ನ ಅಕ್ಕನ ಗಂಡ ಹುಲುಗಪ್ಪನವರಲ್ಲ. ಇಷ್ಟು ಚಿಕ್ಕ ಮಾತನ್ನು ಭಾವ ಬದುಕಿರುವವರೆಗೂ ಹೇಳಲಾಗಲಿಲ್ಲ ಎಂದು ಬರೆಯಹೊರಟಿದ್ದೆ — ಅದು ಸರಿಯಲ್ಲ. ಹೇಳಲಿಲ್ಲ.

ಗಣಿಯ ಕೆಂಧೂಳು ಹೊಸಪೇಟೆಯ ಗಿಡಮರಗಳ ಮೇಲೆಲ್ಲ ಕೂತಿದ್ದ ವರ್ಷಗಳವು. ಅದಿರಿನಲ್ಲಿ ಸಿರಿವಂತರಾದ ಧಣಿಯೊಬ್ಬರು ಜಲಾಶಯದ ಹಿನ್ನೀರಿನ ದಡದಲ್ಲಿ ಅತಿಥಿಗೃಹ ಕಟ್ಟಿಸಿ, ಬಂದವರ ಮೋಜಿಗೆಂದು ನೀರಿನ ಮೇಲೆ ಬೈಕಿನಂತೆ ಓಡುವ ವಾಟರ್ ಸ್ಕೂಟರ್ ಒಂದನ್ನು ತರಿಸಿದ್ದರು. ಚಿತ್ತವಾಡ್ಗಿಯ ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಆ ಅತಿಥಿಗೃಹದಲ್ಲಿ ಕಚೇರಿ ಸಹಾಯಕನಾಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಂಪ್ಲಿಯ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ ಭಾವನನ್ನು ಆ ಯಂತ್ರ ನೋಡಿಕೊಳ್ಳಲು ಕರೆತಂದವನೂ ನಾನೇ. ಅವರು ಅದನ್ನು ಬಲುಬೇಗ ಪಳಗಿಸಿಕೊಂಡರು. ದಡದಲ್ಲಿ ನಿಂತ ನನ್ನನ್ನು ಕಂಡರೆ ನೀರಿನಿಂದಲೇ ಕೂಗುತ್ತಿದ್ದರು:

"ಬರ್ರಿ ಡಿಗ್ರಿ ಸಾಹೇಬ್ರ! ನೀರಿಗೆ ಇಳಿದ್ರ ಇಸ್ತ್ರಿ ಕೆಡ್ತೈತೇನು?"

ಯಂತ್ರದ ಹಿಂಬದಿಯಲ್ಲಿ ಅದರ ಗುರುತಿನ ಸಂಖ್ಯೆಯಿದ್ದ ಸಣ್ಣ ಲೋಹದ ಫಲಕವಿತ್ತು. ಧಣಿಯ ನೆಂಟರು ಬರುವವರಿದ್ದ ದಿನ, ಎಲ್ಲವೂ ಥಳಥಳಿಸಬೇಕೆಂಬ ಹುರುಪಿನಲ್ಲಿ, ಅದಕ್ಕೆ ಹಿಡಿದಿದ್ದ ಕೆಂಪು ಕಲೆಯನ್ನು ಆ್ಯಸಿಡ್ ಹಾಕಿ ಉಜ್ಜಿದೆ. ಕಲೆಯೊಂದಿಗೆ ಅಂಕಿಗಳೂ ಹೋದವು. ಫಲಕ ಹಾಳಾದರೆ ತಯಾರಕರಿಗೇ ಬರೆದು ಹೊಸದನ್ನು ತರಿಸಿಕೊಳ್ಳಬೇಕೆಂಬುದು ನನಗೆ ಗೊತ್ತಿತ್ತು. ಆದರೆ ಬರೆಯುವ ಮುನ್ನ ಮ್ಯಾನೇಜರರ ಮುಂದೆ ತಪ್ಪು ಒಪ್ಪಬೇಕಿತ್ತು. ಲಾರಿಗಳಿಗೆ ನಂಬರ್ ಪ್ಲೇಟ್ ಮಾಡುವ ಅಂಗಡಿಗೆ ಹೋದೆ. ಕಚೇರಿಯ ಕಾಗದಗಳಲ್ಲಿದ್ದ ಅದೇ ಸಂಖ್ಯೆಯನ್ನು ಕೆತ್ತಿಸಿದೆ. ಭಾವ ಊಟಕ್ಕೆ ಹೋದ ಹೊತ್ತಿನಲ್ಲಿ ಹಳೆಯದನ್ನು ಕಿತ್ತು, ಹೊಸದನ್ನು ಸ್ಕ್ರೂ ಹಾಕಿ ಕೂರಿಸಿದೆ. ಹಳೆಯದನ್ನು — ಹಿನ್ನೀರಿಗೆ ಎಸೆದೆ.

ಕೆಲವು ತಿಂಗಳುಗಳ ನಂತರ ಎಂಜಿನ್ ಕೆಟ್ಟಿತು. ಮುಂಬೈಯಿಂದ ಬಂದ ಎಂಜಿನಿಯರು ಮೊದಲು ನೋಡಿದ್ದೇ ಫಲಕವನ್ನು. ಇದು ಅಸಲಿಯಲ್ಲ ಎಂದರು. ಒಳ್ಳೆಯ ಎಂಜಿನ್ ಮಾರಿಕೊಂಡು, ಹಳೆಯದನ್ನು ಕೂರಿಸಿ, ಗುರುತು ಸಿಗದಿರಲೆಂದು ಯಾರೋ ಫಲಕ ಬದಲಿಸಿದ್ದಾರೆ ಎಂಬ ಅನುಮಾನ ಮ್ಯಾನೇಜರಿಗೆ ಬಂತು. ಅವರಿಗೆ ಅನುಮಾನವೇ ಸಾಕಾಗಿತ್ತು. ಯಾರು ಬದಲಿಸಿದ್ದೆಂದು ಎಂಜಿನಿಯರು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಭಾವ ನನ್ನ ತೋಳು ಹಿಡಿದರು.

"ಬಸು, ನೀನ ಹೇಳಪಾ ಅವರಿಗೆ. ನಂಗ ಇಂಗ್ಲೀಷ್ ಬರಂಗಿಲ್ಲ. ನಾ ಅದನ್ನ ಮುಟ್ಟಿಲ್ಲ ಅಂತ ತಿಳಿಸಿ ಹೇಳು."

ನಾನು ಹೇಳಿದೆ — ಯಂತ್ರ ದಿನವಿಡೀ ಇವರ ವಶದಲ್ಲೇ ಇರುತ್ತದೆ. ಇವರ ಹೊರತು ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಿದೆ. ನಿಧಾನವಾಗಿ, ಒಂದು ಪದವೂ ತಪ್ಪದಂತೆ. ಭಾವನಿಗೆ ಅರ್ಥವಾಗಲಿಲ್ಲ. ತನ್ನ ಪರವಾಗಿ ವಾದಿಸುತ್ತಿದ್ದೇನೆಂದು ತಿಳಿದು ನನ್ನ ಪ್ರತಿ ಮಾತಿಗೂ ತಲೆಯಾಡಿಸಿದರು — ಹೌದು, ಹೌದು ಎನ್ನುವಂತೆ. ಕೊನೆಗೆ ಎಂಜಿನಿಯರಿಗೆ ಕೈಮುಗಿದರು ಕೂಡ.

ಅಂದೇ ಅವರನ್ನು ಕೆಲಸದಿಂದ ತೆಗೆದರು. ಗೇಟಿನ ಬಳಿ ಭಾವ ನನ್ನ ಬೆನ್ನು ತಟ್ಟಿದರು.

"ಇರ್ಲಿ ಬಿಡೋ. ನೀ ಭಾಳ ಛಲೋ ಮಾತಾಡಿದಿ. ಅವರು ಕೇಳಲಿಲ್ಲಂದ್ರ ನೀ ಏನ್ ಮಾಡ್ತಿ?"

ಸುದ್ದಿ ಅವರಿಗಿಂತ ಮೊದಲೇ ಕಂಪ್ಲಿ ಸೇರಿತ್ತು. ಹರಿಗೋಲಿನವರು ಮತ್ತೆ ಜೊತೆಗೆ ಸೇರಿಸಿಕೊಳ್ಳಲಿಲ್ಲ. ಚಹಾದಂಗಡಿಯಲ್ಲಿ ಕೂತವರು, "ಏನಪಾ ಎಂಜಿನ್ ಹುಲುಗ, ನಮ್ಮ ಗಾಡಿಗೂ ಒಂದ್ ಕೊಡಸ್ತಿಯೇನು?" ಎಂದು ನಗುತ್ತಿದ್ದರು. ಹೊಳೆಯ ಮೇಲೆ ಬದುಕಿದ ಮನುಷ್ಯ ಸಂಡೂರಿಗೆ ಅದಿರು ತುಂಬಲು ಹೋದರು. ಗಣಿಗಳು ನಿಂತ ಮೇಲೆ ಕೆಮ್ಮುತ್ತ ಮರಳಿದರು. ಅಷ್ಟರಲ್ಲಿ ನನ್ನ ಕೆಲಸ ಕಾಯಂ ಆಗಿತ್ತು. ಹಬ್ಬಕ್ಕೆ ಹೋದಾಗಲೆಲ್ಲ, "ನನ್ನ ಸಲುವಾಗಿ ದೊಡ್ಡೋರ ಮುಂದ ಇಂಗ್ಲೀಷಿನ್ಯಾಗ ಮಾತಾಡಿದಾಂವ ಇವನ" ಎಂದು ಬಂದವರಿಗೆ ನನ್ನನ್ನು ತೋರಿಸುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನವರು ವಿನಯವೆಂದುಕೊಂಡರು.

ಕಳೆದ ತಿಂಗಳು ಭಾವ ತೀರಿಕೊಂಡರು. ಮಣ್ಣಿಗೆ ಬಂದಿದ್ದವನೊಬ್ಬ ಹಾದಿಯಲ್ಲಿ ಹೋಗುವವರಿಗೆ ಹೇಳುತ್ತಿದ್ದ — "ಎಂಜಿನ್ ಹುಲುಗ ಹ್ವಾದ." ಅದು ಅಕ್ಕನ ಕಿವಿಗೆ ಬಿತ್ತು. ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು.

"ಊರೆಲ್ಲಾ ಕಳ್ಳ ಅಂತು ತಮ್ಮಾ. ನೀ ಒಬ್ಬಾಂವ ಅವರನ್ನ ನಂಬಿದಿ."

ಆಗಲಾದರೂ ನಾನು —

ಅಂಜಿದ್ದೆ ಎಂದು ಬರೆಯಬಹುದು. ಬಡತನದಿಂದ ಬಂದವನು, ಕೆಲಸ ಹೋದೀತೆಂಬ ಭಯ... ಬೇಡ. ಅವರೂ ಬಡತನದಿಂದಲೇ ಬಂದವರು.

ಈ ಭಾನುವಾರ ಕಂಪ್ಲಿಗೆ ಹೋಗುತ್ತೇನೆ. ಅಕ್ಕ ಎಂದಿನಂತೆ ಕಾಲಿಗೆ ನೀರು ಕೊಟ್ಟು, ಮೊದಲು ಉಣ್ಣು ಎನ್ನುತ್ತಾಳೆ. ಉಣ್ಣುವುದಿಲ್ಲ. ಅಂಗಳದಲ್ಲಿ ನಿಂತೇ ಅವಳಿಗೆ ಹೇಳುತ್ತೇನೆ. ಆಮೇಲೆ ಚಹಾದಂಗಡಿಗೆ ಹೋಗಿ ಅಲ್ಲಿ ಕೂತವರಿಗೂ ಹೇಳುತ್ತೇನೆ. ಮರಳಿ ಬಂದಾಗ ಅಕ್ಕ ಬಾಗಿಲು ತೆರೆಯುವಳೋ ಇಲ್ಲವೋ — ತೆರೆ ಎಂದು ತಟ್ಟುವ ಹಕ್ಕು ನನಗಿಲ್ಲ.