ಮೀನುಗಾರರಿಗೆ ಹೇಳಿದ ಮಾತು

ಗೆಳತಿಯರೇ, ಇವತ್ತು ಮಧುವನಹಳ್ಳಿಯ ನಮ್ಮ ಪಕ್ಕದ ಮನೆಯಲ್ಲಿ ಸಮುದ್ರದ ವಿಷಯಕ್ಕೆ ಜಗಳವಾಯಿತು. ಸಿದ್ದಪ್ಪನ ರೇಷ್ಮೆಹುಳುಗಳು ಹಣ್ಣಾಗಿ ಗೂಡು ಕಟ್ಟತೊಡಗಿದ್ದವು. ಗೂಡು ಕಟ್ಟಲೆಂದು ಹುಳುಗಳನ್ನು ಬಿಟ್ಟಿದ್ದ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗಳನ್ನು ಅಂಗಳದಲ್ಲಿ ಒರಗಿಸಿದ್ದ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಮೀನುಗಾರರು ಕಡಲಿಗೆ ಇಳಿಯಬಾರದು ಎಂದಿತು ರೇಡಿಯೊ. ತಕ್ಷಣ ಅವನ ಹೆಂಡತಿ ಮಾದಮ್ಮ ಚಂದ್ರಿಕೆ ಎತ್ತಲು ಹೊರಟಳು.

"ಮೀನು ಇಡಿಯೋರ್ಗೆ ಯೋಳುದ್ರೆ ನಿಂಗ್ಯಾಕಮ್ಮಿ? ಒಳಗಿಟ್ರೆ ಗಾಳಿಯಾಡ್ದೆ ಗೂಡು ಕೆಡ್ತವೆ," ಎಂದ ಸಿದ್ದಪ್ಪ.

"ನೆನುದ್ರೆ ಕೆಡಲ್ವಾ? ಓದ್ಸಲ ಇಂಗೇ ಯೋಳುದ್ಮೇಲೆ ಮೂರ್ ದಿನ ಸೋನೆ ಇಡ್ಕತ್ತು!"

ನಮ್ಮ ಜಗಲಿಯಲ್ಲಿ ನಿಂತು ಕೇಳುತ್ತಿದ್ದ ನನ್ನತ್ತ ಇಬ್ಬರೂ ತಿರುಗಿದರು. "ಓದ್ದೋರು ನೀವೇ ಯೋಳಿ ಟೀಚರಮ್ಮ."

ಕಡಲಿನ ಮೇಲಿನ ಪದ್ಯಗಳನ್ನು ಎಷ್ಟೋ ಓದಿದವಳು ನಾನು, ಕಡಲನ್ನು ಕಂಡವಳಲ್ಲ. ಅದು ಬಹಳ ದೂರ ಬಿಡಿ ಎಂದೆ.

ಮಾದಮ್ಮ ಕೇಳಲಿಲ್ಲ. "ನೀವು ಓದೋ ಕೋಣೆ ಅಗಲವಾಗಿ ಅದೆ, ಕಿಟಕಿ ತೆಗೀರಿ," ಎಂದವಳೇ ಚಂದ್ರಿಕೆ ಹೊತ್ತು ನಮ್ಮ ಮನೆಯೊಳಗೆ ಬಂದಳು. ಸಿದ್ದಪ್ಪ ಗೊಣಗುತ್ತಲೇ ಉಳಿದವನ್ನು ತಂದ. ಹಟಕ್ಕೆ ಒಂದನ್ನು ಮಾತ್ರ ಅಂಗಳದಲ್ಲೇ ಬಿಟ್ಟ.

ಮಧ್ಯಾಹ್ನ ಮೂಡಣದಿಂದ ತಣ್ಣನೆಯ ಗಾಳಿ ಬೀಸಿತು, ಹಿಂದೆಯೇ ಸೋನೆ. ಅಂಗಳದ ಚಂದ್ರಿಕೆ ತೊಯ್ದು ಹೋಯಿತು. ಒಳಗೆ ನನ್ನ ಪುಸ್ತಕಗಳ ಪಕ್ಕದಲ್ಲಿ ಹುಳುಗಳು ತಮ್ಮ ಪಾಡಿಗೆ ನೂಲು ಸುತ್ತುತ್ತಿದ್ದವು. ದೂರ ಎಂದಿದ್ದ ಕಡಲು ಇಷ್ಟು ಹತ್ತಿರವಿತ್ತೇ ಎಂದು ನೋಡುತ್ತಾ ಕುಳಿತೆ.

ಈಗ ಸಂಜೆ. ಮಳೆ ಇನ್ನೆಷ್ಟು ದಿನವೋ ಎಂದು ಬಾಯಿ ತೆರೆದೆ, ರೇಡಿಯೊಗೆ ಕಿವಿಗೊಟ್ಟಿದ್ದ ಸಿದ್ದಪ್ಪ ಗದರಿದ: "ವಸಿ ಸುಮ್ಕಿರಿ ಟೀಚರಮ್ಮ, ಮೀನು ಇಡಿಯೋರ್ಗೆ ಏನೋ ಯೋಳ್ತಾವ್ರೆ!"