ಹೊನ್ನೆ ಮರದಡಿ ಒಂದು ರಾತ್ರಿಯ ಅಪ್ಪಣೆ

ನನ್ನ ಅವ್ವ ಸತ್ತದ್ದು ಲಕ್ಕವಳ್ಳಿಯ ಆಚೆಯ ಕಾಡಿನಲ್ಲಿ. ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮೂರಿನವರು ದನ ಹೊಡೆದುಕೊಂಡು ಕಾಡಿಗೆ ಹೋಗಿ, ಹಳ್ಳದ ಪಕ್ಕ ಗುಡಿಸಲು ಹಾಕಿಕೊಂಡು ಮಳೆ ಬೀಳುವವರೆಗೆ ಅಲ್ಲೇ ಇರುತ್ತಿದ್ದರು. ಹಾಗೆ ಹೋದ ಒಂದು ವರ್ಷ ಅವ್ವ ಚಳಿಜ್ವರ ಬಂದು ಮಲಗಿದವಳು ಏಳಲಿಲ್ಲ. ಊರಿಗೆ ತರಲಾಗದೆ ಅಪ್ಪ ಅಲ್ಲೇ ಒಂದು ದೊಡ್ಡ ಹೊನ್ನೆ ಮರದ ಬುಡದಲ್ಲಿ ಮಣ್ಣು ಮಾಡಿ ಬಂದ. ನಾನು ಅಜ್ಜಿಯ ಮಡಿಲಲ್ಲಿದ್ದ ಹಸುಗೂಸು. ಅವ್ವನ ಮುಖ ನನಗೆ ನೆನಪಿಲ್ಲ.

ಅಪ್ಪ ವರ್ಷವರ್ಷವೂ ಹೋಗಿ ಎಡೆ ಇಟ್ಟು ಬರುತ್ತಿದ್ದ. ಆಮೇಲೆ ಸರ್ಕಾರದವರು ಗಡಿಕಲ್ಲು ನೆಟ್ಟು, ಅಪ್ಪಣೆ ಚೀಟಿ ಇಲ್ಲದೆ ಯಾರೂ ಕಾಡಿನೊಳಗೆ ಕಾಲಿಡಬಾರದೆಂದರು. ಅಪ್ಪ ಕಚೇರಿಯೆಂದರೆ ಹೆದರುವ ಮನುಷ್ಯ. ಹೋಗುವುದನ್ನೇ ಬಿಟ್ಟ.

ನಾನು ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಮೇಲೆ ಅವನ ಕಣ್ಣು ಮಂಜಾಗತೊಡಗಿತು. ಒಮ್ಮೆ ನಮ್ಮ ತೆಂಗಿನ ತೋಟದಲ್ಲಿ ಕೂತಿದ್ದಾಗ ಹೇಳಿದ.

"ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ನಿಮ್ಮವ್ವನ ತಾವ ಹೋಗ್ಬೇಕು ಕಣವ್ವ. ಒಂದು ರಾತ್ರಿ ಅಲ್ಲೇ ಮಲಗಿದ್ದು ಬತ್ತೀನಿ."

"ನಾನೂ ಬತ್ತೀನಪ್ಪ" ಅಂದೆ.

ನನ್ನ ಗಂಡ ಅರ್ಜಿ ಬರೆದು ತರೀಕೆರೆಯ ಅರಣ್ಯ ಕಚೇರಿಗೆ ಕೊಟ್ಟು ಬಂದರು. ಆ ಬೇಸಿಗೆ ಕಾಡುಬೆಂಕಿಯ ಭಯವೆಂದು ಅಪ್ಪಣೆ ಸಿಗಲಿಲ್ಲ. ಮುಂದಿನ ಸಲ ಯಾರೋ ದೊರೆಗಳ ಬೇಟೆಯ ಕ್ಯಾಂಪು ಇತ್ತು. "ಎಡೆ ಇಡೋಕೆ ರಾತ್ರಿ ಯಾಕ್ರೀ ಉಳೀಬೇಕು?" ಎಂದು ಗುಮಾಸ್ತ ಕೇಳಿದನಂತೆ. ನಮ್ಮವರು ಮತ್ತೊಂದು ಅರ್ಜಿ ಬರೆದುಕೊಟ್ಟು ಬಂದರು.

ಆದರೂ ಅಪ್ಪ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಪ್ರಯಾಣದ್ದೇ ಮಾತು. ಹೊಳೆ ಎಲ್ಲಿ ದಾಟಬೇಕು, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಆನೆ ಹತ್ತಿರ ಬಾರದಂತೆ ಬೆಂಕಿ ಹೇಗೆ ಹಾಕಬೇಕು ಎಂದು ಅವನು ಹೇಳುತ್ತಿದ್ದ. ಕೇಳಿ ಕೇಳಿ, ಕಾಣದ ಆ ಜಾಗ ನನ್ನ ತವರಿನಂತಾಗಿತ್ತು.

ಕೊನೆಗೂ ಚೀಟಿ ಬಂತು. ಅಷ್ಟರಲ್ಲಿ ಅಪ್ಪನಿಗೆ ಹಗಲು ಯಾವುದು, ಕತ್ತಲೆ ಯಾವುದು ಎನ್ನುವಷ್ಟೇ ಗೊತ್ತಾಗುತ್ತಿತ್ತು. ಬೇಡವೆಂದರೆ ಕೇಳಲಿಲ್ಲ.

"ಕಣ್ಣಿಲ್ದಿದ್ರೆ ಏನಾತು? ಕೈ ಇಲ್ವಾ?"

ಕಂಬಳಿ, ರೊಟ್ಟಿ ಬುತ್ತಿ, ಅವ್ವನಿಗೊಂದು ರವಿಕೆ ಕಣ ಕಟ್ಟಿಕೊಂಡು ತರೀಕೆರೆಯವರೆಗೆ ರೈಲಿನಲ್ಲಿ, ಅಲ್ಲಿಂದ ಗಾಡಿಯಲ್ಲಿ ಮೂವರೂ ಹೋದೆವು. ಕಾಡಿನ ಅಂಚಿನಿಂದ ಗಾರ್ಡೊಬ್ಬ ಜೊತೆಗೆ ಬಂದ. ಅಪ್ಪ ನನ್ನ ಭುಜ ಹಿಡಿದು ನಡೆಯುತ್ತಿದ್ದ. ಹಳ್ಳದ ಸದ್ದು ಕೇಳುತ್ತಲೇ ಅವನ ಹೆಜ್ಜೆ ಚುರುಕಾಯಿತು.

ತಿರುವು ದಾಟಿದಾಗ ನಮ್ಮವರು ತಟಕ್ಕನೆ ನಿಂತರು. ಎದುರಿಗೆ ಕಾಡೇ ಇರಲಿಲ್ಲ. ಕಬ್ಬಿಣದ ಕಾರ್ಖಾನೆಯ ಇದ್ದಿಲಿಗಾಗಿ ಮರಗಳನ್ನೆಲ್ಲ ಕಡಿದಿದ್ದರು. ಉದ್ದಕ್ಕೂ ಮರದ ಮೋಟುಗಳು, ಸುಟ್ಟ ಕಪ್ಪು ಮಣ್ಣು. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮರ ಉಳಿದಿತ್ತು.

"ಬಿಸಿಲು ಯಾಕವ್ವ ಹಿಂಗೆ ಹೊಡೀತೈತೆ?" ಎಂದ ಅಪ್ಪ.

ಗಾರ್ಡು ಒಮ್ಮೆ ನಮ್ಮ ಮುಖ ನೋಡಿದ. ಮೆಲ್ಲಗೆ ಅಪ್ಪನ ಕೈ ಹಿಡಿದು, ನಿಂತಿದ್ದ ಒಂದು ಮರದ ಹತ್ತಿರ ಕರೆದೊಯ್ದ. "ಇದೇ ಕಣಜ್ಜ, ನಿನ್ನ ಮರ."

ಎಲ್ಲೋ ಒಂದು ಆಸೆ ನನಗೂ ಹುಟ್ಟಿತು. ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ರವಿಕೆ ಕಣ ಇಟ್ಟು, ಹಣೆ ನೆಲಕ್ಕೆ ಮುಟ್ಟಿಸಿ "ಅವ್ವಾ" ಎಂದೆ. ಹುಟ್ಟಿದ ಮೇಲೆ ಮೊದಲ ಸಲ ನಾನು ಅವಳನ್ನು ಕರೆದದ್ದು.

ಅಪ್ಪ ತೊಗಟೆಯ ಮೇಲೆ ಕೈಯಾಡಿಸುತ್ತಿದ್ದ. ಬಹಳ ಹೊತ್ತು ಆಡಿಸಿದ.

"ಏಳವ್ವ" ಎಂದ. "ಇದು ಮತ್ತಿ ಮರ. ನಿಮ್ಮವ್ವ ಇಲ್ಲಿಲ್ಲ."

ಗಾರ್ಡು ತಲೆ ತಗ್ಗಿಸಿದ. ನಾನು ಹುಚ್ಚಿಯಂತೆ ಒಂದು ಮೋಟಿನಿಂದ ಇನ್ನೊಂದು ಮೋಟಿಗೆ ಓಡಿದೆ. ಎಲ್ಲವೂ ಒಂದೇ ಥರ ಸುಟ್ಟಿದ್ದವು. ಕೊನೆಗೆ ನಮ್ಮವರು ಬಂದು ಕೈ ಹಿಡಿದು ನಿಲ್ಲಿಸಿದರು.

"ರಾತ್ರಿ ಇರೋದಕ್ಕೆ ಅಪ್ಪಣೆ ಇದೆ, ಮಾವ" ಎಂದರು.

"ಯಾರ ತಾವ ಮಲಗ್ಲಪ್ಪಾ? ನಡೀರಿ, ಹೋಗನ."

ಹೊತ್ತು ಮುಳುಗುವ ಮೊದಲೇ ಕಾಡಿನಿಂದ ಈಚೆ ಬಂದೆವು. ಆ ಮಳೆಗಾಲದಲ್ಲಿ ಅವನೂ ತೀರಿಕೊಂಡ. ಅವನನ್ನು ನಮ್ಮ ತೋಟದಲ್ಲೇ ಮಣ್ಣು ಮಾಡಿದೆವು. ಹಬ್ಬಕ್ಕೆ ಅಲ್ಲಿ ಎಡೆ ಇಡುತ್ತೇನೆ. ಅವ್ವ ಎಲ್ಲಿದ್ದಾಳೆಂದು ಬಲ್ಲವರು ಈಗ ಯಾರೂ ಉಳಿದಿಲ್ಲ.