ಗಾಳಿಯ ಬಾಡಿಗೆ

ಹೊನ್ನಾವರದಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲಿ ವಾಷಿಂಗ್ ಮೆಷಿನ್ ಮಾಲಕರದ್ದೇ ಇತ್ತು. ಮನೆ ತೋರಿಸಿದ ದಿನ ಅವರು ಕಡಲ ಕಡೆಯ ಕಿಟಕಿ ತೆರೆದು, ಆ ಗಾಳಿಯ ಹೆಸರಿನಲ್ಲೇ ಬಾಡಿಗೆ ಏರಿಸಿದ್ದರು. ಮನೆ ಬಿಡುವ ದಿನ ಮೆಷಿನ್ನಿನ ತಳಕ್ಕೆ ಹಿಡಿದ ತುಕ್ಕು ನೋಡಿ, ರಿಪೇರಿ ಖರ್ಚನ್ನು ನಮ್ಮ ಡಿಪಾಸಿಟ್ಟಿನಲ್ಲಿ ಮುರಿದುಕೊಂಡರು.

"ಉಪ್ಪುಗಾಳಿಗೆ ತುಕ್ಕು ಹಿಡಿದ್ರೆ ನಾವೆಂತ ಮಾಡೂದು?" ಎಂದೆ.

"ಕಿಟಕಿ ಹಾಕ್ಕಂಡು ಇರೂಕೆ ಎಂತ ಆಗಿತ್ತು?" ಎಂದರು.

ನಾವಿನ್ನೂ ಸಾಮಾನು ಹೊರಗೆ ಸಾಗಿಸುತ್ತಿರುವಾಗಲೇ ಮನೆ ನೋಡಲು ಇನ್ನೊಂದು ಕುಟುಂಬ ಬಂತು. ಮಾಲಕರು ಅದೇ ಕಿಟಕಿ ತೆರೆದರು.

"ಎಂತಾ ಗಾಳಿ ನೋಡಿ, ಫ್ಯಾನೇ ಬೇಡ!"

ನಾನು ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು, ಹೋಗಿ ಕಿಟಕಿ ಮುಚ್ಚಿ, ಬಂದವರಿಗೆ ಹೇಳಿದೆ: "ತೆಗೀಬೇಡಿ. ತುಕ್ಕಿಗೆ ಬಾಡಿಗೆ ಬೇರೆ."